ವಿದ್ಯುದ್ವಾಹನದ ರೋಗನಿದಾನ

ಹಳೆಯ ಕಾರಿನ ಪೆಟ್ರೋಲ್ ಯಂತ್ರವನ್ನು ತೆಗೆದು, ಅದರ ಸ್ಥಳದಲ್ಲಿ ವಿದ್ಯುತ್ ಮೋಟಾರನ್ನೂ ಬ್ಯಾಟರಿಯನ್ನೂ ತಾವೇ ಕೂಡಿಸಿಕೊಳ್ಳುವ ಉತ್ಸಾಹಿಗಳು ಈಗ ಅನೇಕ ದೇಶಗಳಲ್ಲಿರುವರು. ಇಂತಹ ವಾಹನವು ಮೊದಲು ಹೋಗುತ್ತಿದ್ದ ದೂರದ ಅರ್ಧವನ್ನೂ ಹೋಗಲಾರದೆ ನಿಂತುಬಿಟ್ಟರೆ, ಬ್ಯಾಟರಿಯನ್ನೆಲ್ಲಾ ಎಸೆದು ಹೊಸದನ್ನು ಕೊಳ್ಳಬೇಕೆ ಎಂದು ವಾಚಕರೊಬ್ಬರು ನಮ್ಮನ್ನು ಕೇಳಿರುವರು. ವಾಹನದಲ್ಲೆಲ್ಲಾ ಹೆಚ್ಚು ಬೆಲೆಯ ಅಂಗವೆಂದರೆ ಅದೇ. ಆದಕಾರಣ ಗೃಹಸ್ಥರು ಇಲ್ಲಿ ಆತುರಪಡಬಾರದು. ಅನೇಕ ವೇಳೆ ದೋಷವಿರುವುದು ಒಂದೇ ಒಂದು ಕೋಶದಲ್ಲಿ.

ಇದು ಹೇಗೆಂಬುದನ್ನು ವಿವರಿಸುತ್ತೇವೆ. ಇಂತಹ ವಾಹನಗಳಲ್ಲಿ ಲಿಥಿಯಂ ಐರನ್ ಫಾಸ್ಫೇಟ್ ಕೋಶಗಳ ಬಳಕೆ ವಿಶೇಷ. ಅಮೆರಿಕದ ಟೆಕ್ಸಾಸ್ ವಿಶ್ವವಿದ್ಯಾಲಯದ ಜಾನ್ ಗುಡ್‌ಇನಫ್ ಎಂಬವರೂ ಅವರ ಸಹೋದ್ಯೋಗಿಗಳೂ ೧೯೯೭ರಲ್ಲಿ ಈ ದ್ರವ್ಯದ ಗುಣವನ್ನು ಪ್ರಕಟಿಸಿದರು. ಒಂದು ಕೋಶದ ಸಾಮಾನ್ಯ ಒತ್ತಡ ೩.೨ ವೋಲ್ಟು, ೩೨ ಕೋಶಗಳನ್ನು ಸರಪಣಿಯಂತೆ ಜೋಡಿಸಿದರೆ ಸುಮಾರು ೧೦೨ ವೋಲ್ಟು. ಒಂದರಲ್ಲಿ ಹರಿದ ಪ್ರವಾಹವೇ ಎಲ್ಲದರಲ್ಲಿಯೂ ಹರಿಯಬೇಕಷ್ಟೆ. ಆದುದರಿಂದ ಒಂದು ಬರಿದಾದೊಡನೆ, ಮಿಕ್ಕ ೩೧ರಲ್ಲಿ ಶಕ್ತಿಯಿದ್ದರೂ ಪ್ರಯಾಣವನ್ನು ನಿಲ್ಲಿಸಬೇಕಾಗುವುದು. ಬಲಾತ್ಕಾರದಿಂದ ನಡೆಸಿದರೆ ಆ ದುರ್ಬಲ ಕೋಶವು ೨.೫ ವೋಲ್ಟಿಗಿಂತ ಕೆಳಗಿಳಿದು ಪೂರ್ತಿಯಾಗಿ ಹಾಳಾಗುವುದು.

ನಿದಾನದ ಕ್ರಮವು ಹೀಗಿದೆ. ವಾಹನವು ಸುಮ್ಮನೆ ನಿಂತಿರುವಾಗ ಅಳೆದರೆ ಎಲ್ಲ ಕೋಶಗಳೂ ಹೆಚ್ಚುಕಡಮೆ ಸಮವಾಗಿಯೇ ತೋರಬಹುದು. ರೋಗವು ಬಯಲಾಗುವುದು ಹೊರೆ ಹೊತ್ತಾಗ. ಒಬ್ಬರು ದಿಣ್ಣೆಯ ಮೇಲೆ ಕಾರನ್ನು ನಡೆಸುತ್ತಿರಲು, ಮತ್ತೊಬ್ಬರು ಪ್ರತಿಯೊಂದು ಕೋಶದ ಒತ್ತಡವನ್ನೂ ತೋರಿಸುವ ಫಲಕವನ್ನು ನೋಡುತ್ತಿರಬೇಕು. ೧೦೦ ಆಂಪಿಯರ್ ಹರಿಯುವಾಗ ಒಳ್ಳೆಯ ಕೋಶವು ೩.೩ರಿಂದ ೩.೨ಕ್ಕೆ ಇಳಿದರೆ, ಕೆಟ್ಟುದು ೨.೬ಕ್ಕೆ ಕುಸಿಯಬಹುದು.

ಆದರೆ ಇಷ್ಟರಿಂದಲೇ ತೀರ್ಪು ಕೊಡಲಾಗದು. ಹೇತುವಿನಂತೆ ತೋರಿ ಹೇತುವಲ್ಲದುದನ್ನು ನಮ್ಮ ತಾರ್ಕಿಕರು ಹೇತ್ವಾಭಾಸವೆಂದು ಕರೆದಿರುವರು. ಸಡಿಲವಾದ ತಿರುಪು, ಕಿಲುಬು ಹಿಡಿದ ತಾಮ್ರದ ಪಟ್ಟಿ ಇವು ಅಂತಹವು. ಅಲ್ಲಿ ೧೦೦ ಆಂಪಿಯರಿಗೆ ಅರ್ಧ ವೋಲ್ಟು ನಷ್ಟವಾದರೆ ೫೦ ವ್ಯಾಟಿನ ಶಾಖ ಹುಟ್ಟುವುದು. ಬೆಸುಗೆಯ ಸಲಾಕೆ ಕಾಯುವುದಕ್ಕೆ ಅಷ್ಟೇ ಸಾಕು. ಆದಕಾರಣ ಮೊದಲು ಜೋಡಣೆಗಳನ್ನು ಶುಚಿಮಾಡಿ ಬಿಗಿಯಬೇಕು. ಅನಂತರ ಶಂಕಿತ ಕೋಶವೊಂದನ್ನೇ ೩.೬೫ ವೋಲ್ಟಿನವರೆಗೆ ತುಂಬಿ ಮತ್ತೊಮ್ಮೆ ಪರೀಕ್ಷಿಸಬೇಕು. ಅದು ಕೇವಲ ಹಸಿದಿದ್ದರೆ ಚೇತರಿಸಿಕೊಳ್ಳುವುದು. ಇನ್ನೂ ಸಂಶಯವುಳಿದರೆ ಅನ್ವಯವ್ಯತಿರೇಕವೇ ಗತಿ. ಅದನ್ನು ಬೇರೊಂದು ಕೋಶದೊಡನೆ ಸ್ಥಾನಪಲ್ಲಟ ಮಾಡಿರಿ. ದೋಷವು ಕೋಶದ ಜೊತೆಗೆ ಹೋದರೆ ಕೋಶವೇ ಅಪರಾಧಿ. ಹಳೆಯ ಸ್ಥಳದಲ್ಲಿಯೇ ಉಳಿದರೆ ಪಟ್ಟಿಯೋ ಅಳತೆಯ ತಂತಿಯೋ ಕೆಟ್ಟಿದೆಯೆಂದು ತಿಳಿಯಬೇಕು.

ಇನ್ನು ಬದಲಾಯಿಸುವ ವಿಷಯ. ಬೀಗದ ಕೈಯನ್ನು ತಿರುಗಿಸಿ ಮೋಟಾರನ್ನು ನಿಲ್ಲಿಸಬಹುದಲ್ಲದೆ ಕೋಶಗಳನ್ನು ಆರಿಸುವುದು ಸಾಧ್ಯವಿಲ್ಲ. ೧೦೨ ವೋಲ್ಟು ಪ್ರಾಣಾಪಾಯಕರವಾದುದು. ಮುಖ್ಯ ಫ್ಯೂಸನ್ನು ತೆಗೆದು, ನಡುವಣ ಒಂದು ಪಟ್ಟಿಯನ್ನು ಬಿಚ್ಚಿ, ಸರಪಣಿಯನ್ನು ೧೬-೧೬ರ ಎರಡು ಭಾಗವಾಗಿ ಒಡೆಯಬೇಕು. ಉಂಗುರ, ಬಳೆ, ಕೈಗಡಿಯಾರಗಳನ್ನು ತೆಗೆದಿಡಬೇಕು, ಸ್ಪ್ಯಾನರಿನ ಹಿಡಿಗೆ ವಿದ್ಯುನ್ನಿರೋಧಕ ಪಟ್ಟಿಯನ್ನು ಸುತ್ತಿರಬೇಕು, ಕೆಲಸದಲ್ಲಿ ಒಂಟಿಯಾಗಿರಬಾರದು. ಹೊಸ ಕೋಶವು ಅದೇ ಜಾತಿಯ, ಅದೇ ಅಳತೆಯದಾಗಿರಬೇಕು. ಕೂಡಿಸುವುದಕ್ಕೆ ಮೊದಲು ಹೊಸದನ್ನೂ ಹಳೆಯವನ್ನೂ ಪೂರ್ಣವಾಗಿ ತುಂಬಿರಬೇಕು. ಇಲ್ಲವಾದರೆ ಹೊಸದೇ ಸರಪಣಿಗೆ ಹೊರೆಯಾಗುವುದು. ಧನ ಋಣ ಧ್ರುವಗಳನ್ನು ಎರಡು ಸಾರಿ ನೋಡಿ ತಿರುಪನ್ನು ಬಿಗಿಯಬೇಕು. ಉಬ್ಬಿದ ಅಥವಾ ಸೋರುವ ಕೋಶವನ್ನು ಕಂಡರೆ ತಾವು ಮುಟ್ಟದೆ ಬಲ್ಲವರನ್ನು ಕರೆಯುವುದು ಲೇಸು. ಈ ಕೆಲಸದ ಅಭ್ಯಾಸವೇ ಇಲ್ಲದವರಿಗೂ ಇದೇ ಮಾತು.

ತಿಂಗಳಿಗೊಮ್ಮೆ ಹೊರೆ ಹೊತ್ತಾಗಿನ ಎಲ್ಲ ಕೋಶಗಳ ಒತ್ತಡವನ್ನೂ ಮನೆಯ ಲೆಕ್ಕದಂತೆ ಒಂದು ಪುಸ್ತಕದಲ್ಲಿ ಬರೆದಿಡಬೇಕೆಂದು ನಮ್ಮ ಸಲಹೆ. ಯಾವ ಕೋಶವು ಇಳಿಮುಖವಾಗಿದೆಯೆಂಬುದು, ಹೆಂಡಿರು ಮಕ್ಕಳೊಡನೆ ಹೆದ್ದಾರಿಯಲ್ಲಿ ನಿಂತಾಗ ತಿಳಿಯುವುದಕ್ಕಿಂತ, ಮನೆಯಲ್ಲಿ ಪುಸ್ತಕವನ್ನು ತೆರೆದಾಗ ತಿಳಿಯುವುದು ಮೇಲು.