ಪ್ರೇಯಸಿಯರನ್ನು ಅಕ್ಕತಂಗಿ ಮಾಡಬೇಡಿ

ಹಬ್ಬಕ್ಕೆಂದು ಚನ್ನಪಟ್ಟಣಕ್ಕೆ ಹೋಗಿದ್ದೆ. ಊಟ ಮುಗಿಸಿ ಜಗಲಿಯಲ್ಲಿ ಕೂತಿದ್ದಾಗ ಚಿಕ್ಕಮ್ಮನ ಮಗಳು ಮೊಬೈಲ್ ಹಿಡಿದುಕೊಂಡು ಪಕ್ಕಕ್ಕೆ ಬಂದಳು. ಡಿಗ್ರಿ ಎರಡನೇ ವರ್ಷದ ಹುಡುಗಿ, ದಿನಾ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ಬರುತ್ತಾಳೆ. ಅವಳ ಓದೆಲ್ಲ ಆ ರೈಲಿನಲ್ಲೇ. "ಅಕ್ಕಾ, ಇವಳು ಅವಳಿಗೆ ಲೈಕ್ ಅಂದ್ಲಾ, ಲವ್ ಅಂದ್ಲಾ? ಒಂದು ಇಂಗ್ಲಿಷಲ್ಲಿ ಹಂಗಿದೆ, ಇನ್ನೊಂದರಲ್ಲಿ ಹಿಂಗಿದೆ" ಎಂದಳು. ಅವಳ ಕೈಯಲ್ಲಿದ್ದದ್ದು ನಕತಾನಿ ನಿಯೊ ಬರೆದ 'ಬ್ಲೂಮ್ ಇಂಟು ಯು' ಎಂಬ ಮಂಗಾ, ಎಂದರೆ ಜಪಾನಿನ ಚಿತ್ರಕಥೆ. ಇಬ್ಬರು ಹೈಸ್ಕೂಲು ಹುಡುಗಿಯರ ಪ್ರೀತಿಯ ಕಥೆ. ಮೂಲದ ಜಪಾನಿಯಲ್ಲಿರುವ ಮಾತು 'ಸುಕಿ'. ನಾನು ಹೇಳಿದೆ, "ಎರಡೂ ಅಲ್ಲ ಕಣೇ. ನೀನಂದ್ರೆ ನಂಗಿಷ್ಟ ಅಂದ್ಲು."

"ಅಷ್ಟೇನಾ!" ಎಂದು ಅವಳ ಮುಖ ಅರಳಿತು. ಇಂಗ್ಲಿಷಿನ ಎರಡು ಪದಗಳ ನಡುವೆ ವಾರದಿಂದ ಒದ್ದಾಡುತ್ತಿದ್ದವಳಿಗೆ ಮನೆಮಾತಿನ ಒಂದೇ ಪದ ಸಾಕಾಯಿತು. ಈ ಲೇಖನ ಹುಟ್ಟಿದ್ದು ಅಲ್ಲಿಂದ.

ಯುರಿ ಎಂದರೆ ಜಪಾನಿಯಲ್ಲಿ ಲಿಲ್ಲಿ ಹೂವು. ಹೆಣ್ಣು ಹೆಣ್ಣನ್ನು ಪ್ರೀತಿಸುವ ಕಥೆಗಳಿಗೂ ಈಗ ಅಲ್ಲಿ ಅದೇ ಹೆಸರು. ನಾನು ಇವುಗಳ ಅಭಿಮಾನಿ. ಅಮೆರಿಕದ 'ದ ಲೆಜೆಂಡ್ ಆಫ್ ಕೊರ್ರಾ', 'ಸ್ಟೀವನ್ ಯೂನಿವರ್ಸ್', 'ಶೀ-ರಾ', 'ದ ಔಲ್ ಹೌಸ್' ಮುಂತಾದ ಅನಿಮೇಷನ್ ಸರಣಿಗಳಿಗೂ ಅಷ್ಟೇ ಅಭಿಮಾನಿ. ಇವು ಕನ್ನಡದಲ್ಲಿ ಬರಬೇಕು, ಕತ್ತರಿ ಬೀಳದೆ ಬರಬೇಕು ಎಂಬುದು ನನ್ನ ವಾದ. ಹಾಗೆಂದ ಕೂಡಲೇ ಎರಡು ಕಡೆಯಿಂದ ಜನ ಏಳುತ್ತಾರೆ. ಒಬ್ಬರಿಗೆ ಡಬ್ಬಿಂಗ್ ಬೇಡ, ಇನ್ನೊಬ್ಬರಿಗೆ ಇಂಥ ಕಥೆಯೇ ಬೇಡ.

ಡಬ್ಬಿಂಗ್ ವಿರೋಧವನ್ನು ನಾನು ಹಗುರವಾಗಿ ಕಾಣುವವಳಲ್ಲ. 1960ರ ದಶಕದಲ್ಲಿ ಅನಕೃ, ಮ. ರಾಮಮೂರ್ತಿ ಮುಂತಾದವರು ಬೀದಿಗಿಳಿದಾಗ ಕನ್ನಡ ಚಿತ್ರರಂಗ ಮದರಾಸಿನ ಸ್ಟುಡಿಯೋಗಳ ಮರ್ಜಿಯಲ್ಲಿ ಬದುಕುತ್ತಿತ್ತು. ಎಳೆ ಸಸಿಗೆ ಬೇಲಿ ಬೇಕಿತ್ತು, ಕಟ್ಟಿದರು. ಮರ ಬೆಳೆದ ಮೇಲೂ ಬೇಲಿ ಕೀಳಲಿಲ್ಲ ಎಂಬುದು ನನ್ನ ತಕರಾರು. 2012ರಲ್ಲಿ ಆಮಿರ್ ಖಾನ್ ಅವರ 'ಸತ್ಯಮೇವ ಜಯತೇ' ಬೇರೆ ಭಾಷೆಗಳಲ್ಲಿ ಬಂದಾಗ ಕನ್ನಡದಲ್ಲಿ ಬರಲು ಬಿಡಲಿಲ್ಲ. ಕನ್ನಡ ಗ್ರಾಹಕರ ಕೂಟ ದೂರು ಕೊಟ್ಟಿತು. 2015ರ ಜುಲೈನಲ್ಲಿ ಭಾರತೀಯ ಸ್ಪರ್ಧಾ ಆಯೋಗ ಕರ್ನಾಟಕ ಚಲನಚಿತ್ರ ವಾಣಿಜ್ಯ ಮಂಡಳಿಯೂ ಸೇರಿದಂತೆ ಅಡ್ಡ ನಿಂತವರಿಗೆ ದಂಡ ಹಾಕಿತು. 2017ರಲ್ಲಿ ಕನ್ನಡಕ್ಕೆ ಡಬ್ ಆದ 'ಸತ್ಯದೇವ್ ಐಪಿಎಸ್' ಚಿತ್ರ ತೆರೆ ಕಂಡಿತು. 2020ರ ಲಾಕ್‌ಡೌನಿನಲ್ಲಿ ಹಿಂದಿಯ 'ಮಹಾಭಾರತ' ಧಾರಾವಾಹಿ ಕನ್ನಡದಲ್ಲಿ ಮಾತಾಡಿತು, ಮನೆಮಂದಿಯೆಲ್ಲ ಕೂತು ನೋಡಿದರು. ಕನ್ನಡ ಅದರಿಂದ ಕರಗಲಿಲ್ಲ.

ಆದರೂ ಅಂಜಿಕೆ ಉಳಿದಿದೆ, ಅದರ ಬೆಲೆಯನ್ನು ಮಕ್ಕಳು ತೆರುತ್ತಿದ್ದಾರೆ. 2025ರ ಸೆಪ್ಟೆಂಬರಿನಲ್ಲಿ ಜಪಾನಿನ ಅನಿಮೇಷನ್ ಚಿತ್ರ 'ಡೀಮನ್ ಸ್ಲೇಯರ್: ಇನ್ಫಿನಿಟಿ ಕ್ಯಾಸಲ್' ಭಾರತದಲ್ಲಿ ಜಪಾನಿ, ಇಂಗ್ಲಿಷ್, ಹಿಂದಿ, ತಮಿಳು, ತೆಲುಗಿನಲ್ಲಿ ಬಂತು, ಕನ್ನಡದಲ್ಲಿ ಬರಲಿಲ್ಲ. ಕನಕಪುರದ ಹುಡುಗ ಅದನ್ನು ಹಿಂದಿಯಲ್ಲಿ ನೋಡಿದ, ಮಾಗಡಿಯ ಹುಡುಗಿ ತೆಲುಗಿನಲ್ಲಿ ನೋಡಿದಳು. ಯಾರ ಭಾಷೆ ಉಳಿಯಿತು? ಅದೇ ವರ್ಷ ಹೊಂಬಾಳೆ ಫಿಲಂಸ್ ಅರ್ಪಿಸಿದ 'ಮಹಾವತಾರ ನರಸಿಂಹ' ಅನಿಮೇಷನ್ ಚಿತ್ರ ಕನ್ನಡದಲ್ಲೂ ಬಂದಿತ್ತಲ್ಲ, ಅಪ್ಪಅಮ್ಮಂದಿರು ಮಕ್ಕಳನ್ನು ಎತ್ತಿಕೊಂಡು ಹೋಗಿ ನೋಡಿದರಲ್ಲ. ಕನ್ನಡದಲ್ಲಿ ಕೊಟ್ಟರೆ ಕನ್ನಡದಲ್ಲೇ ನೋಡುತ್ತಾರೆ.

ಇನ್ನು ಚಿತ್ರಕಥೆಯ ಪುಸ್ತಕಗಳ ಮಾತು. ದೇಶಕ್ಕೆಲ್ಲ ಗೊತ್ತಿರುವ ಅಮರ ಚಿತ್ರಕಥೆ ಮೊದಲು ಅಚ್ಚಾದದ್ದು ಕನ್ನಡದಲ್ಲಿ. 1965ರಲ್ಲಿ ಬೆಂಗಳೂರಿನ ಜಿ.ಕೆ. ಅನಂತರಾಮ್ ಅದಕ್ಕೆ ಕೈಹಾಕಿದರು. ಆ ಮೊದಲ ಹತ್ತು ಪುಸ್ತಕಗಳು ಪುರಾಣದವಲ್ಲ, ಸಿಂಡರೆಲ್ಲಾಳಂಥ ಪಶ್ಚಿಮದ ಕಥೆಗಳು. ನಾವೆಲ್ಲ ಹೊಡೆದಾಡಿಕೊಂಡು ಓದಿದ ಬಾಲಮಂಗಳದ ಡಿಂಗ ಮಲಯಾಳಂನಿಂದ ಬಂದವನು. ಅವನು ಹೊರಗಿನವನೆಂದು ನಮಗಾರಿಗೂ ಅನ್ನಿಸಿರಲಿಲ್ಲ, ಏಕೆಂದರೆ ಅವನು ನಮ್ಮ ಮಾತಾಡುತ್ತಿದ್ದ.

ಎರಡನೆಯ ಅಡ್ಡಿಗೆ ಬರುತ್ತೇನೆ. "ಇದು ನಮ್ಮ ಸಂಸ್ಕೃತಿಯಲ್ಲ, ಜಪಾನಿನ ಹುಚ್ಚು" ಎನ್ನುವವರು ನಮ್ಮ ಜಿಲ್ಲೆಯಲ್ಲೂ ಇದ್ದಾರೆ. ಮನೆಯಲ್ಲೂ ಇದ್ದಾರೆ. ಅವರನ್ನು ನಾನು ನಮ್ಮೂರ ಹೆದ್ದಾರಿಯ ಬೊಂಬೆ ಅಂಗಡಿಗೆ ಕರೆದುಕೊಂಡು ಹೋಗಲು ಸಿದ್ಧ. ಆಲೆ ಮರ, ಅರಗಿನ ಬಣ್ಣ, ಉರುಟು ಮೈಯ ಚನ್ನಪಟ್ಟಣದ ಬೊಂಬೆ. ಈ ಕಸುಬಿನ ಪಿತಾಮಹ ಎಂದು ಕರೆಸಿಕೊಳ್ಳುವ ಬಾವಾಸ್ ಮಿಯಾನ್ ಜಪಾನಿನ ಬೊಂಬೆ ತಯಾರಿಕೆಯ ತಂತ್ರವನ್ನು ತಂದು ಇಲ್ಲಿನ ಕುಶಲಕರ್ಮಿಗಳಿಗೆ ಕಲಿಸಿದವರು. ಇವತ್ತು ಆ ಬೊಂಬೆಗೆ ಭೌಗೋಳಿಕ ಗುರುತು ಸಿಕ್ಕಿದೆ, ಅದು ನಮ್ಮದೇ. ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಗೆ ಬರುವ ಬೈವೋಲ್ಟೈನ್ ತಳಿಯ ಗೂಡಿನ ಹಿಂದೆಯೂ ಜಪಾನಿದೆ. 1991ರಿಂದ ಜಪಾನಿನ ಜೈಕಾ ಸಂಸ್ಥೆ ಕೇಂದ್ರ ರೇಷ್ಮೆ ಮಂಡಳಿಯ ಜೊತೆ ಸೇರಿ ವರ್ಷಗಟ್ಟಲೆ ಆ ತಳಿಗಾಗಿ ಇಲ್ಲಿ ದುಡಿಯಿತು. ಅಲ್ಲಿಯ ಹುಳು, ಅಲ್ಲಿಯ ಬೊಂಬೆಯ ಕೈಚಳಕ ನಮ್ಮ ಅನ್ನಕ್ಕೆ ಬರಬಹುದಾದರೆ ಅಲ್ಲಿಯ ಕಥೆ ನಮ್ಮ ಹುಡುಗಿಯರ ಕೈಗೆ ಏಕೆ ಬರಬಾರದು?

ಹೆಣ್ಣುಹೆಣ್ಣಿನ ಪ್ರೀತಿಯೇ ಹೊರಗಿನದು ಎನ್ನುವ ಮಾತಂತೂ ನಿಲ್ಲುವುದಿಲ್ಲ. ಅಂಥದೇ ಪ್ರೀತಿಯ ಕಥೆಯಾದ ಇಸ್ಮತ್ ಚುಗ್ತಾಯಿ ಅವರ 'ಲಿಹಾಫ್' ಉರ್ದುವಿನಲ್ಲಿ ಪ್ರಕಟವಾದದ್ದು 1942ರಲ್ಲಿ. ನಮ್ಮಲ್ಲಿ ಗಂಡು ಗಂಡನ್ನು ಪ್ರೀತಿಸುವ ಕಥೆಗಳ ಪುಸ್ತಕ, ವಸುಧೇಂದ್ರರ 'ಮೋಹನಸ್ವಾಮಿ', 2013ರಲ್ಲಿ ಬಂತು, ಕನ್ನಡ ಓದುಗರು ಅದನ್ನು ಎದೆಗೆ ಹಚ್ಚಿಕೊಂಡರು. ಸಮ್ಮತಿಯ ಸಲಿಂಗ ಪ್ರೀತಿ ಅಪರಾಧವಲ್ಲವೆಂದು ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ 6ರಂದೇ ಹೇಳಿದೆ. ಈ ಹುಡುಗಿಯರು ನಮ್ಮ ಹಾಸ್ಟೆಲುಗಳಲ್ಲಿದ್ದಾರೆ, ಗಾರ್ಮೆಂಟ್ಸ್ ಬಸ್ಸುಗಳಲ್ಲಿದ್ದಾರೆ. ಅವರು ಮೊದಲಿನಿಂದ ಇದ್ದವರು. ಅವರಿಗೆ ಇಲ್ಲದಿರುವುದು ಓದಲೊಂದು ಕನ್ನಡದ ಪುಸ್ತಕ.

ಕತ್ತರಿಯ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಏಕೆಂದರೆ ಈ ಕಥೆಗಳಿಗೆ ನಿಜವಾದ ಅಪಾಯ ಬರುವುದು ಅಲ್ಲಿಂದ. ಜಪಾನಿನ 'ಸೈಲರ್ ಮೂನ್' ಅನಿಮೇಷನ್ ಸರಣಿಯಲ್ಲಿ ಹರುಕಾ ಮತ್ತು ಮಿಚಿರು ಎಂಬ ಹುಡುಗಿಯರು ಪ್ರೇಮಿಗಳು. 2000ನೇ ಇಸವಿಯಲ್ಲಿ ಅಮೆರಿಕಕ್ಕೆ ಡಬ್ ಮಾಡುವಾಗ ಅವರನ್ನು ದೊಡ್ಡಪ್ಪ ಚಿಕ್ಕಪ್ಪನ ಮಕ್ಕಳೆಂದು ಬದಲಿಸಿದರು. ಮಾತು ಬದಲಾಯಿತು, ಚಿತ್ರದಲ್ಲಿದ್ದ ನೋಟಗಳು ಹಾಗೇ ಉಳಿದವು. ಸುಳ್ಳು ಮಕ್ಕಳಿಗೇ ಗೊತ್ತಾಯಿತು. 2016ರಲ್ಲಿ ಬ್ರಿಟನ್ನಿನ ಕಾರ್ಟೂನ್ ನೆಟ್‌ವರ್ಕ್ 'ಸ್ಟೀವನ್ ಯೂನಿವರ್ಸ್'ನಲ್ಲಿ ಪರ್ಲ್ ಮತ್ತು ರೋಸ್ ಕುಣಿಯುವ ದೃಶ್ಯವನ್ನು ಮೊಟಕುಗೊಳಿಸಿತು. ನಮ್ಮ ದೇಶದಲ್ಲಿ 1998ರ ಡಿಸೆಂಬರಿನಲ್ಲಿ ಇಬ್ಬರು ಹೆಣ್ಣುಮಕ್ಕಳ ಪ್ರೀತಿಯ ಚಿತ್ರ, ದೀಪಾ ಮೆಹ್ತಾರ 'ಫೈರ್' ತೋರಿಸಿದ್ದಕ್ಕೆ ಮುಂಬೈಯ ಚಿತ್ರಮಂದಿರಗಳ ಗಾಜು ಒಡೆದರು. ಚಿತ್ರವನ್ನು ಮತ್ತೆ ಪರಿಶೀಲಿಸಿದ ಸೆನ್ಸಾರ್ ಮಂಡಳಿ ಒಂದು ದೃಶ್ಯವನ್ನೂ ತೆಗೆಯದೆ ಬಿಟ್ಟುಕೊಟ್ಟಿತು.

ಜಪಾನಿನಲ್ಲೇ ಒಂದು ನೋವಿನ ಸಂಗತಿಯಿದೆ. ಈ ಬಗೆಯ ಕಥೆಗಳ ಹಿರಿಯಜ್ಜಿ ಯೊಶಿಯಾ ನೊಬುಕೊ, 1916ರಿಂದ ಹುಡುಗಿಯರ ಸ್ನೇಹಪ್ರೀತಿಯ ಕಥೆಗಳನ್ನು ಬರೆದವರು. ಮೊನ್ಮಾ ಚಿಯೊ ಎಂಬ ಗೆಳತಿಯ ಜೊತೆ ಐವತ್ತು ವರ್ಷ ಸಂಸಾರ ಮಾಡಿದರು. ಮದುವೆಗೆ ಕಾನೂನಿರಲಿಲ್ಲ. ತನ್ನ ಆಸ್ತಿ ಗೆಳತಿಗೆ ಸೇರಲೆಂದು 1957ರಲ್ಲಿ ಅವಳನ್ನು ದತ್ತು ಮಗಳಾಗಿ ಸ್ವೀಕರಿಸಬೇಕಾಯಿತು. ಜೀವದ ಸಂಗಾತಿ ಕಾಗದದ ಮೇಲೆ ಮಗಳಾದಳು. ಅಲ್ಲಿ ಕಾನೂನು ಮಾಡಿದ್ದನ್ನೇ ಮುಂದೆ ಡಬ್ಬಿಂಗ್ ಸ್ಟುಡಿಯೋ ಮಾಡಿತು.

ಕತ್ತರಿಯ ರುಚಿ ರಾಮನಗರಕ್ಕೂ ಗೊತ್ತು. ನಮ್ಮ ರಾಮದೇವರ ಬೆಟ್ಟದ ಬಂಡೆಗಳ ನಡುವೆ ತೆಗೆದ 'ಶೋಲೆ'ಯಲ್ಲಿ ಠಾಕೂರ್ ತನ್ನ ಕಾಲಿನಿಂದಲೇ ಗಬ್ಬರ್‌ನನ್ನು ಮುಗಿಸುವ ಅಂತ್ಯವಿತ್ತು. ತುರ್ತುಪರಿಸ್ಥಿತಿಯ ಕಾಲದ ಸೆನ್ಸಾರ್ ಒಪ್ಪಲಿಲ್ಲ, ಪೊಲೀಸರು ಬಂದು ತಡೆಯುವ ಅಂತ್ಯ ಹಾಕಿ 1975ರ ಆಗಸ್ಟ್ 15ರಂದು ಬಿಡುಗಡೆ ಮಾಡಿದರು. ಐವತ್ತು ವರ್ಷದ ಮೇಲೆ, 2025ರ ಜೂನಿನಲ್ಲಿ, ಮೂಲ ಅಂತ್ಯವಿರುವ ಪ್ರತಿಯನ್ನು ಇಟಲಿಯ ಬೊಲೋನ್ಯಾದಲ್ಲಿ ತೋರಿಸಿದರು. ಪೂರ್ತಿ ಮೂಲ ಹೀಗೆ ತೆರೆಗೆ ಬರಲು ಅರ್ಧ ಶತಮಾನ ಹಿಡಿಯಿತು.

ಅಭಿಮಾನಿಯಾಗಿ ನನ್ನ ತೀರ್ಮಾನಗಳನ್ನೂ ಮುಚ್ಚಿಡುವುದಿಲ್ಲ. ಅಮೆರಿಕದ ಸರಣಿಗಳು ಈ ವಿಷಯದಲ್ಲಿ ಬಹಳ ಹಿಂಜರಿದವು. 2014ರ ಡಿಸೆಂಬರ್ 19ರ ಕೊನೆಯ ಕಂತಿನಲ್ಲಿ ಕೊರ್ರಾ ಮತ್ತು ಅಸಾಮಿ ಕೈಕೈ ಹಿಡಿದು ಬೆಳಕಿನೊಳಗೆ ನಡೆದು ಹೋಗುತ್ತಾರೆ. ಅವರು ಪ್ರೇಮಿಗಳೇ ಎಂದು ನಿರ್ಮಾತೃಗಳು ಆಮೇಲೆ ಬೇರೆಯಾಗಿ ಹೇಳಬೇಕಾಯಿತು. 'ಅಡ್ವೆಂಚರ್ ಟೈಮ್'ನಲ್ಲಿ ಮಾರ್ಸಲಿನ್, ಬಬಲ್‌ಗಮ್ ಇಬ್ಬರೂ 2018ರ ಕಟ್ಟಕಡೆಯ ಕಂತಿನ ತನಕ ಕಾದರು. 'ಔಲ್ ಹೌಸ್'ನ ಲೂಸ್ ಮತ್ತು ಅಮಿಟಿ ಕಥೆಯ ನಡುವೆಯೇ ಜೋಡಿಯಾದರು, ಆದರೆ ಆ ಸರಣಿಯ ಮೂರನೇ ಸೀಸನ್ನನ್ನು ಮೂರೇ ವಿಶೇಷ ಕಂತುಗಳಿಗೆ ಇಳಿಸಿ 2023ರಲ್ಲಿ ಮುಗಿಸಿದರು. ಪ್ರೀತಿಯನ್ನು ಕೊನೆಯಲ್ಲಿ ಕೊಡುವ ಬಹುಮಾನದಂತೆ ಇಟ್ಟರೆ ಅದರ ನಿತ್ಯದ ಬದುಕು ತೋರಿಸಲು ಜಾಗವೇ ಉಳಿಯುವುದಿಲ್ಲ. ಇವುಗಳಲ್ಲಿ ನನಗೆ ಎತ್ತರದ್ದು ರೆಬೆಕ್ಕಾ ಶುಗರ್ ಅವರ 'ಸ್ಟೀವನ್ ಯೂನಿವರ್ಸ್'. ರೂಬಿ, ಸಫೈರ್ ಇಬ್ಬರೂ ಒಂದಾದಾಗ ಗಾರ್ನೆಟ್ ಎಂಬ ಮೂರನೆಯವಳಾಗುತ್ತಾರೆ. ಕಥೆಯುದ್ದಕ್ಕೂ ಸ್ಟೀವನ್‌ನ ಮನೆಯನ್ನು ಹಿಡಿದು ನಿಲ್ಲಿಸುವವಳು ಅವಳೇ, ಎಂದರೆ ಅವರಿಬ್ಬರ ಪ್ರೀತಿಯೇ.

ಯುರಿ ಇನ್ನೂ ಆಳಕ್ಕೆ ಇಳಿಯುತ್ತದೆ. 'ಬ್ಲೂಮ್ ಇಂಟು ಯು'ನ ಯೂಗೆ ಹಾಡುಗಳಲ್ಲಿ ಹೇಳುವಂತೆ ಎದೆ ಹೊಡೆದುಕೊಳ್ಳುವುದೇ ಇಲ್ಲ, ತನ್ನಲ್ಲೇ ಏನೋ ಕೊರತೆಯಿದೆ ಎಂದುಕೊಂಡಿದ್ದಾಳೆ. ತೊಕೊ ಸತ್ತುಹೋದ ಅಕ್ಕನ ನೆರಳಾಗಿ ಬದುಕುತ್ತಿದ್ದಾಳೆ. ಇಬ್ಬರೂ ತಮ್ಮ ತಮ್ಮ ಗಂಟು ಬಿಚ್ಚಿಕೊಳ್ಳುವುದೇ ಕಥೆ. ಎಲ್ಲ ಯುರಿಯೂ ಹೀಗಿಲ್ಲ. ಹಳೆಯ ಕಥೆಗಳಲ್ಲಿ ಶಾಲೆ ಮುಗಿದೊಡನೆ ಪ್ರೀತಿಯೂ ಮುಗಿದು ಹುಡುಗಿ ಮದುವೆಯಾಗಿ ಹೋಗುತ್ತಾಳೆ. 'ಸಿಟ್ರಸ್' ಎಂಬ ಮಂಗಾದಲ್ಲಿ ಒತ್ತಾಯವನ್ನೇ ಪ್ರೀತಿಯೆಂದು ತೋರಿಸುವ ಪುಟಗಳಿವೆ, ಅದನ್ನು ನಾನು ತಂಗಿಯ ಕೈಗೆ ಕೊಡಲಿಲ್ಲ. ವಯಸ್ಸು ನೋಡಿ ಕೊಡುವುದು ಬೇರೆ, ಕಥೆಯನ್ನೇ ತಿರುಚುವುದು ಬೇರೆ.

ಕನ್ನಡಕ್ಕೆ ಮೊದಲು ಯಾವುದು ಬರಬೇಕೆಂದು ಕೇಳಿದರೆ ಯುಝಾಕಿ ಸಕಾಓಮಿ ಅವರ ಮಂಗಾದ ಹೆಸರು ಹೇಳುತ್ತೇನೆ. ಇಂಗ್ಲಿಷಿನಲ್ಲಿ 'ಶೀ ಲವ್ಸ್ ಟು ಕುಕ್, ಅಂಡ್ ಶೀ ಲವ್ಸ್ ಟು ಈಟ್'. 2022ರಲ್ಲಿ ಜಪಾನಿನ ಸಾರ್ವಜನಿಕ ವಾಹಿನಿ ಎನ್‌ಎಚ್‌ಕೆ ಇದನ್ನು ಧಾರಾವಾಹಿ ಮಾಡಿತು. ನೊಮೊತೊಗೆ ಅಡುಗೆ ಮಾಡುವ ಆಸೆ, ಹೆಚ್ಚು ತಿನ್ನಲು ಆಗುವುದಿಲ್ಲ. ಅದೇ ಕಟ್ಟಡದ ಕಸುಗಾ ಹೊಟ್ಟೆತುಂಬ ತಿನ್ನುವವಳು. ನೊಮೊತೊಳ ಅಡುಗೆ ಕಂಡವರು "ಒಳ್ಳೇ ಹೆಂಡತಿ ಆಗ್ತೀಯ" ಎಂಬ ಅರ್ಥದ ಮಾತಾಡುತ್ತಾರೆ, ಅವಳಿಗೆ ಉರಿಯುತ್ತದೆ. ಹೋಟೆಲಿನಲ್ಲಿ ಹೆಂಗಸೆಂದು ಕಸುಗಾಳಿಗೆ ಅನ್ನ ಕಡಿಮೆ ಬಡಿಸುತ್ತಾರೆ, ಅವಳು ಕೇಳಿ ಹಾಕಿಸಿಕೊಳ್ಳುತ್ತಾಳೆ. ಗಂಡಸರಿಗೆಲ್ಲ ಬಡಿಸಿ ಕೊನೆಗೆ ಉಳಿದ ಮುದ್ದೆಗೆ ಕೂರುವ ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ಈ ಪುಟವನ್ನು ಯಾರೂ ವಿವರಿಸಬೇಕಿಲ್ಲ.

ಕನ್ನಡ ಇದಕ್ಕೆ ಇಂಗ್ಲಿಷಿಗಿಂತ ಚೆನ್ನಾಗಿ ಒಗ್ಗುತ್ತದೆ ಎಂಬುದನ್ನು ಹಟದಿಂದ ಹೇಳುತ್ತೇನೆ. 'ಸುಕಿ'ಯಂತೆ ನಮ್ಮ 'ಇಷ್ಟ'ವೂ ಹೋಳಿಗೆಗೂ ಸಲ್ಲುತ್ತದೆ, ಪ್ರಾಣಕ್ಕೂ ಸಲ್ಲುತ್ತದೆ. ಯಾವುದೆಂದು ತಿಳಿಯದೆ ಕೇಳಿದವಳ ಎದೆ ನಡುಗುತ್ತದೆ. ಹಿಂದಿಯಲ್ಲಿ ಪ್ರೀತಿಸುತ್ತೇನೆ ಎನ್ನುವಾಗ ಹೇಳಿದವರು ಹೆಣ್ಣೋ ಗಂಡೋ ಎಂಬುದು ಕ್ರಿಯಾಪದದಲ್ಲೇ ಬಂದುಬಿಡುತ್ತದೆ, ಕನ್ನಡದ ಪ್ರೀತಿಸುತ್ತೇನೆಗೆ ಆ ಹಂಗಿಲ್ಲ. ಸೀನಿಯರ್ ಆದ ತೊಕೊಳನ್ನು ಯೂ ಕಥೆಯ ಕೊನೆಯ ಭಾಗದಲ್ಲಿ ಬರೀ ಹೆಸರಿನಿಂದ ಕರೆಯುವಾಗ ಜಪಾನಿ ಓದುಗರು ಉಸಿರು ಬಿಗಿಹಿಡಿಯುತ್ತಾರೆ. ಇಂಗ್ಲಿಷಿನ ಒಂದೇ 'ಯು' ಅದಕ್ಕೆ ಸಾಲದು. ನಮಗೆ ನೀವು ಇದೆ, ನೀನು ಇದೆ, ಹೆಣ್ಣು ಹೆಣ್ಣಿಗೆ ಸಲಿಗೆಯಲ್ಲಿ ಹೇಳುವ 'ಕಣೇ' ಇದೆ. ಅನುವಾದಕರಿಗೆ ಒಂದೇ ಬಿನ್ನಹ: 'ಸೆನ್ಪೈ' ಎಂಬಲ್ಲಿ ಅಭ್ಯಾಸಬಲದಿಂದ 'ಅಕ್ಕ' ಎಂದು ಬರೆಯಬೇಡಿ. ಹಾಸ್ಟೆಲಿನ ಹುಡುಗಿಯರು 'ಸೀನಿಯರ್' ಎನ್ನುತ್ತಾರೆ, ಅದೇ ಸಾಕು. ಅಕ್ಕ ಎಂದಿರೋ, ಅಮೆರಿಕದವರು ಹರುಕಾ ಮಿಚಿರುಗೆ ಮಾಡಿದ್ದನ್ನೇ ನೀವೂ ಮಾಡಿದಿರಿ.

ಕುವೆಂಪು ಭಾಷಾ ಭಾರತಿ ಪ್ರಾಧಿಕಾರ ಜಗತ್ತಿನ ಸಾಹಿತ್ಯವನ್ನು ಕನ್ನಡಕ್ಕೆ ತರಲೆಂದೇ ಇರುವ ಸಂಸ್ಥೆ. ಮಂಗಾವನ್ನೂ ಸಾಹಿತ್ಯವೆಂದು ಎಣಿಸಿ, ಒಂದಾದರೂ ಯುರಿ ಕೃತಿಯನ್ನು ಕೈಗೆತ್ತಿಕೊಳ್ಳಲಿ. ಕನ್ನಡದ ಪ್ರಕಾಶಕರು ಹಕ್ಕು ಕೊಳ್ಳಲು ಮುಂದೆ ಬರಲಿ. ಓಟಿಟಿಯವರು ತಮಿಳು ತೆಲುಗಿನ ಪಕ್ಕದಲ್ಲಿ ಕನ್ನಡದ ಧ್ವನಿಯನ್ನೂ ಸೇರಿಸಲಿ, ಸೇರಿಸುವಾಗ ಸಂಬಂಧಗಳನ್ನು ಬದಲಿಸದಿರಲಿ. ನನ್ನ ತಂಗಿ ಕಾಯುತ್ತ ಕೂರಲಿಲ್ಲ. ಗೆರೆ ಹಾಕಿದ ನೋಟ್‌ಬುಕ್ಕಿನಲ್ಲಿ ಮೊದಲ ಅಧ್ಯಾಯವನ್ನು ತಾನೇ ಕನ್ನಡಕ್ಕೆ ಬರೆದಿದ್ದಾಳೆ, ರೈಲಿನಲ್ಲಿ ಅವಳ ಇಬ್ಬರು ಗೆಳತಿಯರು ಅದನ್ನು ಓದಿ ಮುಗಿಸಿ ಎರಡನೆಯದನ್ನು ಕೇಳುತ್ತಿದ್ದಾರೆ.