ಹೆಚ್ಚು ತಪ್ಪು ತೋರಿಸುವ ತಂತ್ರಾಂಶವೇ ಒಳ್ಳೆಯದೇ?

ಮೊಬೈಲ್‌ನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಬಸಪ್ಪ ಎಂದು ಬರೆದರೆ ಕೆಳಗೆ ಕೆಂಪು ಗೆರೆ ಬೀಳುವುದುಂಟು. ಹೆಸರೇನೂ ತಪ್ಪಲ್ಲ. ಕಾಗುಣಿತ ನೋಡುವ ತಂತ್ರಾಂಶದ ಪಟ್ಟಿಯಲ್ಲಿ ಅದು ಇಲ್ಲ, ಅಷ್ಟೇ. ಸರಿಯಾಗಿರುವುದನ್ನೇ ತಪ್ಪೆಂದು ತೋರಿಸುವ ಇಂಥ ಸೂಚನೆಯನ್ನು ‘ಫಾಲ್ಸ್ ಪಾಸಿಟಿವ್’, ಅಂದರೆ ಸುಳ್ಳು ಎಚ್ಚರಿಕೆ ಎನ್ನುತ್ತಾರೆ.

ಪ್ರೋಗ್ರಾಮರ್‌ಗಳಿಗೂ ಇದೇ ಕಾಟ. ಸಾಲಿನ ಉದ್ದ, ಹೆಸರಿಡುವ ರೀತಿ ಮುಂತಾಗಿ ಅವರ ಕೋಡ್‌ನ ಶೈಲಿಯನ್ನು ಪರೀಕ್ಷಿಸುವ ತಂತ್ರಾಂಶಗಳಿಗೆ ‘ಲಿಂಟರ್’ ಎಂದು ಹೆಸರು. 1970ರ ದಶಕದ ಕೊನೆಯಲ್ಲಿ ಬೆಲ್ ಲ್ಯಾಬ್ಸ್‌ನ ಸ್ಟೀಫನ್ ಜಾನ್ಸನ್ ಸಿ ಭಾಷೆಗಾಗಿ ಬರೆದ ‘ಲಿಂಟ್’ನಿಂದ ಈ ಹೆಸರು ಬಂತು. ಲಿಂಟ್ ಎಂದರೆ ಬಟ್ಟೆಗೆ ಅಂಟಿಕೊಳ್ಳುವ ಸಣ್ಣ ಎಳೆ.

ಹೇಳಿದಂತೆ ತಿದ್ದಿದರೆ ಏನಾಗುತ್ತದೆ?

ಪೈಥಾನ್ ಭಾಷೆಗೆ ‘ಪೆಪ್ 8’ ಎಂಬ ಶೈಲಿ ಕೈಪಿಡಿ ಇದೆ. ‘ಏನೂ ಇಲ್ಲ’ ಎಂಬ ಅರ್ಥದ ‘ನನ್’ ಜೊತೆ ಹೋಲಿಸುವಾಗ ಎರಡು ಸಮ ಚಿಹ್ನೆ ಬೇಡ, ‘ಈಸ್’ ಎಂಬ ಪದ ಬಳಸಿ ಎನ್ನುತ್ತದೆ ಅದು. ಬಹುತೇಕ ಕಡೆ ಇದು ಒಳ್ಳೆಯ ಸಲಹೆ. ಆದರೆ ಡೇಟಾಬೇಸ್ ಕೆಲಸಕ್ಕೆ ಬಳಸುವ ‘ಎಸ್‌ಕ್ಯೂಎಲ್‌ಆಲ್ಕೆಮಿ’ಯಲ್ಲಿ ಆ ಎರಡು ಸಮ ಚಿಹ್ನೆಗೆ ‘ಈ ಜಾಗ ಖಾಲಿ ಇರುವ ದಾಖಲೆ ಕೊಡು’ ಎಂಬ ಅರ್ಥವಿದೆ. ಫೋನ್ ನಂಬರ್ ಕೊಡದ ಗ್ರಾಹಕರ ಪಟ್ಟಿ ಬೇಕೆಂದುಕೊಳ್ಳಿ. ಲಿಂಟರ್ ಮಾತು ಕೇಳಿ ‘ಈಸ್’ ಎಂದು ತಿದ್ದಿದರೆ, ಅಂಥವರು ಸಾವಿರ ಜನ ಇದ್ದರೂ ಪಟ್ಟಿ ಖಾಲಿ ಬರುತ್ತದೆ!

ಕಡಿಮೆ ಮಾಡುವುದು ಹೇಗೆ?

ನಿಯಮವನ್ನೇ ಕಿತ್ತುಹಾಕಿದರೆ ಸುಳ್ಳು ಎಚ್ಚರಿಕೆ ನಿಲ್ಲುತ್ತದೆ. ಜೊತೆಗೆ ನಿಜವಾದ ತಪ್ಪೂ ನುಸುಳುತ್ತದೆ. ಅದಕ್ಕೇ ಬೇರೆ ದಾರಿಗಳಿವೆ:

1. ಬರೀ ಅಕ್ಷರ ಹುಡುಕದೆ ಕೋಡ್‌ನ ರಚನೆಯನ್ನು ಅರ್ಥಮಾಡಿಕೊಳ್ಳುವುದು. ಆಗ ಉದ್ಧರಣ ಚಿಹ್ನೆಯೊಳಗಿನ ಮಾತನ್ನು ಆದೇಶವೆಂದು ತಿಳಿಯುವ ಎಡವಟ್ಟು ತಪ್ಪುತ್ತದೆ.

2. ನಿಯಮಕ್ಕೇ ವಿನಾಯಿತಿ ಸೇರಿಸುವುದು. ಸಾಲಿಗೆ 79 ಅಕ್ಷರ ಮಿತಿ ಇಟ್ಟಿರುವ ‘ಪೈಕೋಡ್‌ಸ್ಟೈಲ್’, ಟಿಪ್ಪಣಿಯ ಸಾಲಿನಲ್ಲಿ ಉದ್ದನೆಯ ವೆಬ್ ವಿಳಾಸವೊಂದೇ ಇದ್ದರೆ ಸುಮ್ಮನಿರುತ್ತದೆ. ವಿಳಾಸವನ್ನು ಮುರಿದರೆ ಲಿಂಕ್ ಕೆಡುತ್ತದಲ್ಲ!

3. ಮೇಲಿನ ಡೇಟಾಬೇಸ್ ಉದಾಹರಣೆಯಂಥ ಕಡೆ ಆ ಒಂದು ಸಾಲಿಗೆ ಮಾತ್ರ ವಿನಾಯಿತಿ ಗುರುತು ಹಾಕಿ, ಪಕ್ಕದಲ್ಲಿ ಕಾರಣ ಬರೆಯುವುದು.

4. ಹಳೆಯ ಕೋಡನ್ನೆಲ್ಲ ಕೆದಕದೆ, ಹೊಸದಾಗಿ ಬದಲಾದ ಸಾಲುಗಳನ್ನಷ್ಟೇ ಪರೀಕ್ಷಿಸುವುದು.

ಇಷ್ಟೆಲ್ಲ ಯಾಕೆ ಬೇಕು?

ಕೋಡ್‌ನಲ್ಲಿ ದೋಷ ಹುಡುಕುವ ‘ಕವರಿಟಿ’ ತಂತ್ರಾಂಶ ತಯಾರಿಸಿದವರು 2010ರಲ್ಲಿ ತಮ್ಮ ಅನುಭವ ಬರೆದಿದ್ದರು. ಸುಳ್ಳು ಎಚ್ಚರಿಕೆ ಶೇ. 30 ದಾಟಿದರೆ ಜನ ತಂತ್ರಾಂಶವನ್ನೇ ಕಡೆಗಣಿಸುತ್ತಾರೆ, ಅದರ ಜೊತೆ ನಿಜವಾದ ದೋಷಗಳೂ ಕಣ್ತಪ್ಪುತ್ತವೆ ಎಂಬುದು ಅವರು ಕಂಡದ್ದು. ಗೂಗಲ್‌ನವರು ತಮ್ಮಲ್ಲಿ ಬಳಸುವ ಇಂಥ ಪರೀಕ್ಷೆಗಳಿಗೆ ಇಟ್ಟುಕೊಂಡ ಮಿತಿ ಶೇ. 10ಕ್ಕಿಂತ ಕಡಿಮೆ.

ವಾಟ್ಸಾಪ್ ಗುಂಪುಗಳಿಗೂ ಈ ಲೆಕ್ಕ ಅನ್ವಯಿಸುತ್ತದೆ. ‘ಎಚ್ಚರ! ತಕ್ಷಣ ಎಲ್ಲರಿಗೂ ಕಳಿಸಿ’ ಎಂಬ ಸುಳ್ಳು ಸಂದೇಶ ದಿನಕ್ಕೆ ಹತ್ತು ಬಂದರೆ, ನಿಜವಾದ ಪ್ರವಾಹದ ಮುನ್ನೆಚ್ಚರಿಕೆಯನ್ನು ತೆರೆದು ಓದುವವರು ಯಾರು? ‘ಇರಲಿ, ಕಳಿಸಿದರೆ ನಷ್ಟವೇನು’ ಎನ್ನುವ ಮುನ್ನ ಇದನ್ನು ಯೋಚಿಸಿ.