ಬೆನಗಲ್ ರಾಯರ ಊರಿನವರು ಕೇಳಬೇಕಾದ ಪ್ರಶ್ನೆ



ಹೂರಾದ ನಮ್ಮ ಕಟ್ಟಡದಲ್ಲಿ ಡಾರ್ಫರ್ ಕಡೆಯ ಒಬ್ಬ ಸುಡಾನಿ ಎಂಜಿನಿಯರ್ ಇದ್ದಾರೆ. 2025ರ ಅಕ್ಟೋಬರ್ 6ರಂದು ಹೇಗ್‌ನ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯ ಜಂಜವೀದ್ ಮುಖಂಡ ಅಲಿ ಕುಶೈಬ್ ತಪ್ಪಿತಸ್ಥ ಎಂದು ತೀರ್ಪು ಕೊಟ್ಟಾಗ ನಮಗೆಲ್ಲ ಚಹಾ ಕುಡಿಸಿದರು. ಇಪ್ಪತ್ತು ವರ್ಷ ಕಾದಿದ್ದರಂತೆ! ಆಮೇಲೆ ಕೇಳಿದರು: "ನಿಮ್ಮ ದೇಶ ಈ ನ್ಯಾಯಾಲಯದಲ್ಲಿ ಇದೆಯಾ?"

ಇಲ್ಲ. ಬಹರೇನ್ 2000ದಲ್ಲಿ ಸಹಿಯನ್ನಾದರೂ ಹಾಕಿದೆ, ಅನುಮೋದಿಸಿಲ್ಲ ಅಷ್ಟೇ. ಭಾರತ ಸಹಿಯನ್ನೂ ಹಾಕಿಲ್ಲ. 1998ರಲ್ಲಿ ರೋಮ್‌ನಲ್ಲಿ 120 ದೇಶಗಳು ಇದರ ಪರ, 7 ದೇಶಗಳು ವಿರುದ್ಧ ನಿಂತಾಗ, ತಟಸ್ಥವಾಗಿ ಕೂತ 21ರಲ್ಲಿ ನಾವೂ ಇದ್ದೆವು.

ಇದರಲ್ಲಿ ನಾಚಿಕೆ ಏನು ಗೊತ್ತೇ? ಮಂಗಳೂರಿನಲ್ಲಿ ಹುಟ್ಟಿದ ನ್ಯಾಯಮೂರ್ತಿ ಬೆನಗಲ್ ನರಸಿಂಗ ರಾಯರು ವಿಶ್ವಸಂಸ್ಥೆಯ ಅಂತರರಾಷ್ಟ್ರೀಯ ಕಾನೂನು ಆಯೋಗದ ಮೊದಲ ಸದಸ್ಯರಲ್ಲೊಬ್ಬರು. ಅವರ ಅವಧಿಯಲ್ಲೇ, 1950ರಲ್ಲಿ, ಆಯೋಗ ನ್ಯೂರೆಂಬರ್ಗ್ ತತ್ವಗಳನ್ನು ಬರೆದಿಟ್ಟಿತು. ದೇಶದ ಮುಖ್ಯಸ್ಥನಾದರೂ ಹೊಣೆಯಿಂದ ಪಾರಾಗುವಂತಿಲ್ಲ. ಬೇರೆ ದಾರಿ ಇದ್ದಾಗ "ಮೇಲಿನವರು ಹೇಳಿದರು, ಮಾಡಿದೆ" ಎನ್ನುವಂತಿಲ್ಲ.

ಕೆಲವರು ತಕ್ಷಣ ರಾಧಾಬಿನೋದ್ ಪಾಲರ ಹೆಸರು ಹೇಳುತ್ತಾರೆ. ಗೆದ್ದವರು ಸೋತವರನ್ನು, ಘಟನೆ ನಡೆದ ಮೇಲೆ ಮಾಡಿದ ಕಾನೂನಿನಿಂದ ಶಿಕ್ಷಿಸುವುದು ನ್ಯಾಯವಲ್ಲ ಎಂದು 1948ರಲ್ಲಿ ಟೋಕಿಯೋ ನ್ಯಾಯಮಂಡಳಿಯಲ್ಲಿ ಅವರು ಭಿನ್ನ ತೀರ್ಪು ಬರೆದರು. ಒಪ್ಪೋಣ. ಆದರೆ ಅದಕ್ಕೆ ಮದ್ದು ಏನು? ಮೊದಲೇ ಬರೆದ ಕಾನೂನು, ಸದಸ್ಯ ದೇಶಗಳು ಆರಿಸಿದ ನ್ಯಾಯಾಧೀಶರು. 2002ರಿಂದ ಹೇಗ್‌ನಲ್ಲಿ ಇರುವುದು ಅದೇ ಅಲ್ಲವೇ? ಪಾಲರ ಹೆಸರು ಹೇಳಿ ಹೊರಗೆ ನಿಲ್ಲುವುದು ಯಾವ ತರ್ಕ?

ಸದಸ್ಯರೇ ಅಲ್ಲದ ದೊಡ್ಡ ದೇಶಗಳಿಗೂ ಭದ್ರತಾ ಮಂಡಳಿಯ ಮೂಲಕ ಬೇರೆಯವರ ಮೇಲೆ ಕೇಸು ಕಳಿಸುವ ಅಧಿಕಾರ ಇದೆ ಎಂಬ ಆಕ್ಷೇಪದಲ್ಲಿ ಹುರುಳಿದೆ. ಆದರೆ 2005ರಲ್ಲಿ ಅದೇ ಮಂಡಳಿ ಕಳಿಸದಿದ್ದರೆ ಡಾರ್ಫರ್‌ನವರಿಗೆ ಈ ತೀರ್ಪು ಸಿಗುತ್ತಿರಲಿಲ್ಲ.

ಹೋಗಲಿ, ನಮ್ಮದೇ ಕಾನೂನು ಇದೆಯೇ? ಜನಾಂಗಹತ್ಯೆ ತಡೆ ಒಪ್ಪಂದವನ್ನು ಭಾರತ 1959ರಲ್ಲೇ ಅನುಮೋದಿಸಿತು, ಕಾನೂನು ಮಾತ್ರ ಮಾಡಲಿಲ್ಲ. 1984ರ ಸಿಖ್ಖರ ಹತ್ಯೆಗಳ ಪ್ರಕರಣದಲ್ಲಿ ಸಜ್ಜನ್ ಕುಮಾರ್‌ಗೆ 2018ರ ಡಿಸೆಂಬರ್ 17ರಂದು ಜೀವಾವಧಿ ಶಿಕ್ಷೆ ವಿಧಿಸಿದ ದೆಹಲಿ ಹೈಕೋರ್ಟಿನ ನ್ಯಾಯಮೂರ್ತಿ ಎಸ್. ಮುರಳೀಧರ್ ಅವರ ಪೀಠ ಇದನ್ನೇ ಹೇಳಿತು: ಜನಾಂಗಹತ್ಯೆಯಾಗಲಿ, ಮಾನವತೆಯ ವಿರುದ್ಧದ ಅಪರಾಧವಾಗಲಿ ನಮ್ಮ ಕಾನೂನಿನಲ್ಲಿ ಇಲ್ಲ, ಈ ಲೋಪವನ್ನು ಬೇಗ ಸರಿಪಡಿಸಬೇಕು. ಆಮೇಲೆ ದಂಡ ಸಂಹಿತೆಯನ್ನೇ ಬದಲಾಯಿಸಿದರು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂತು. ಲೋಪ ಹಾಗೇ ಉಳಿಯಿತು!

ಗೆಳೆಯರೇ, ಈ ಸಲ ಊರಿಗೆ ಹೋದಾಗ ನಿಮ್ಮ ಸಂಸದರನ್ನು ಕೇಳಿ: ಒಂದು ಕೊಲೆಗೆ ಕಲಂ ಇದೆ, ಒಂದು ಜನಾಂಗವನ್ನೇ ಅಳಿಸುವ ಕೊಲೆಗೆ ಯಾಕಿಲ್ಲ? ಹೇಗ್‌ಗೆ ಸಹಿ ಹಾಕುವುದು ಆಮೇಲಿನ ಮಾತು, ಮೊದಲು ನಮ್ಮ ಕಾನೂನು ಆಗಲಿ.

ನೀವೇನಂತೀರಾ? ಬರೆಯಿರಿ.

ಹೂರಾದಿಂದ,
ನಿಮ್ಮ ಗೆಳೆಯ